ಐವತ್ತೈದು ಸೆಂಟಿಮೀಟರಿಗೆ ಹೊಂದದ ಹಣಿಗೆ

ವಿಮಾನ ಹತ್ತುವವರು ಕೈಯಲ್ಲಿ ಏನನ್ನು, ಎಷ್ಟು ಉದ್ದದ್ದನ್ನು ಹಿಡಿದುಕೊಂಡು ಹೋಗಬಹುದು ಎಂದು ತೀರ್ಮಾನಿಸುವ ಅಧಿಕಾರಿಗಳಿಗೆ,

ಮಾನ್ಯರೇ,

ಕಳೆದ ಜನವರಿಯ ಒಂದು ಮಧ್ಯಾಹ್ನ, ವಿಮಾನ ನಿಲ್ದಾಣವೊಂದರ ಹದಿನೇಳನೆಯ ಗೇಟಿನ ಮುಂದೆ, ತಾವು ಮಾಡಿದ ನಿಯಮಕ್ಕೆ ತಲೆಬಾಗಿ ನಾಲ್ಕು ಸಾವಿರ ಚಿಲ್ಲರೆ ರೇಷ್ಮೆ ಎಳೆಗಳನ್ನು ಕತ್ತರಿಸಲಾಯಿತು. ಆ ಕೆಲಸಕ್ಕೆ ಐದು ನಿಮಿಷವೂ ಹಿಡಿಯಲಿಲ್ಲ. ವಿಮಾನ ಸರಿಯಾದ ಸಮಯಕ್ಕೆ ಹೊರಟಿತು. ತಮ್ಮ ದಾಖಲೆಗಳ ಪ್ರಕಾರ ಆ ದಿನ ಆ ಗೇಟಿನಲ್ಲಿ ಏನೂ ನಡೆದಿಲ್ಲ, ಆದ್ದರಿಂದ ಏನು ನಡೆಯಿತು ಎಂಬುದನ್ನು ನಾನೇ ತಮಗೆ ತಿಳಿಸಬೇಕಾಗಿದೆ.

ಆ ನಿಲ್ದಾಣದ ಹೆಸರನ್ನಾಗಲಿ, ವಿಮಾನ ಕಂಪನಿಯ ಹೆಸರನ್ನಾಗಲಿ ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ತಪ್ಪು ಅವರೊಬ್ಬರದ್ದೆಂದು ಅವರಿಗೊಂದು ನೋಟಿಸ್ ಕಳಿಸಿ ತಾವು ಕೈತೊಳೆದುಕೊಳ್ಳುತ್ತೀರಿ. ಹಾಗೆಂದು ತಮಗೆ ತೊಂದರೆ ಕೊಡದೆಯೂ ಇರಲಿಲ್ಲ. ಈಗಾಗಲೇ ಎರಡು ಬಾರಿ ಇ-ಮೇಲ್ ಮಾಡಿದ್ದೇನೆ. ಮೊದಲನೆಯದಕ್ಕೆ, ನನ್ನ ದೂರು ತಮಗೆ ಬಹಳ ಮುಖ್ಯ ಎಂಬ ಉತ್ತರ ಬಂತು. ಎರಡನೆಯದಕ್ಕೆ, ನನ್ನ ದೂರಿಗೆ ಸಿಕ್ಕ ಪರಿಹಾರಕ್ಕೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೇನೆ ಎಂಬ ಪ್ರಶ್ನೆ ಬಂತು. ಪರಿಹಾರ ಯಾವುದೆಂದು ಮಾತ್ರ ಎಲ್ಲಿಯೂ ಇರಲಿಲ್ಲ. ಹಾಗಾಗಿ ಈಗ ಹತ್ತು ಜನ ಓದುವಂತೆ ಬರೆಯುತ್ತಿದ್ದೇನೆ.

ನಾನು ಮೊಳಕಾಲ್ಮುರಿನ ನೇಕಾರ. ಚಳ್ಳಕೆರೆಯ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಮತ್ತೆ ಮಗ್ಗಕ್ಕೇ ಬಂದು ಕೂತವನು. ನನಗೆ ಮಗ್ಗ ಕಲಿಸಿದವರು ನನ್ನ ತಾಯಿಯ ಅಕ್ಕ ಚಿತ್ತಮ್ಮ ಮತ್ತು ಅವಳ ಗಂಡ ವೆಂಕಟೇಶಪ್ಪ. ಮನೆಯಲ್ಲಿ ತೆಲುಗು ಮಾತಾಡುವ ನಾವು ದೊಡ್ಡಮ್ಮನನ್ನು ಪೆದ್ದಮ್ಮ ಎನ್ನುತ್ತೇವೆ. ವೆಂಕಟೇಶಪ್ಪನವರು ತೀರಿಕೊಂಡು ಹನ್ನೊಂದು ವರ್ಷವಾಯಿತು. ಪೆದ್ದಮ್ಮನಿಗೆ ಈಗ ಅರವತ್ತೆಂಟು. ಕಣ್ಣಿನ ನರ ಒಣಗುತ್ತಿದೆ, ಹೋದ ನೋಟ ಮತ್ತೆ ಬರುವುದಿಲ್ಲ ಎಂದು ಡಾಕ್ಟರು ಹೇಳಿ ಮೂರು ವರ್ಷವಾಗಿದೆ. ಆದರೂ ಕಳೆದ ಡಿಸೆಂಬರಿನವರೆಗೆ ಅವಳು ಬೆರಳಿನಿಂದಲೇ ನೋಡಿಕೊಂಡು ಸೀರೆ ನೇಯುತ್ತಿದ್ದಳು. ಅದು ಹೇಗೆ ಸಾಧ್ಯವಾಗುತ್ತಿತ್ತು ಎಂಬುದು ತಮಗೆ ಅರ್ಥವಾಗದಿದ್ದರೆ, ಗೇಟಿನ ಮುಂದೆ ಕತ್ತರಿಸಿದ್ದು ಬರೀ ದಾರವಲ್ಲ ಎಂಬುದೂ ಅರ್ಥವಾಗುವುದಿಲ್ಲ.

ಹಣಿಗೆ ಎಂದರೆ ಮಗ್ಗದ ಬಿದಿರಿನ ಬಾಚಣಿಗೆ, ಸೀರೆಯಷ್ಟೇ ಅಗಲವಿರುತ್ತದೆ. ಅದರ ಹಿಂದೆ ಸಾವಿರಾರು ನೂಲಿನ ಕಣ್ಣುಗಳು ಇಳಿಬಿದ್ದಿರುತ್ತವೆ, ಎರಡನ್ನೂ ಸೇರಿಸಿ ಹಣಿಗೆ ಎಂದೇ ಕರೆಯುತ್ತೇವೆ. ಹಾಸಿನ, ಎಂದರೆ ಸೀರೆಯ ಉದ್ದಕ್ಕೆ ಓಡುವ ನೂಲಿನ, ಒಂದೊಂದು ಎಳೆಯೂ ತನಗೆ ಗೊತ್ತುಮಾಡಿದ ಕಣ್ಣಿನಲ್ಲಿ ನುಸುಳಿ, ಆಮೇಲೆ ಹಣಿಗೆಯ ಹಲ್ಲಿನ ನಡುವೆ ಹಾದು ಮುಂದೆ ಬರಬೇಕು. ಯಾವ ಎಳೆ ಯಾವ ಕಣ್ಣಿನಲ್ಲಿ ಎಂಬುದರ ಮೇಲೆ ಅಂಚಿನ ಹೂವು, ಹಕ್ಕಿ, ಗೋಪುರ ನಿಂತಿರುತ್ತದೆ. ಒಂದು ಸೀರೆ ಮುಗಿದಾಗ ನಾವು ಎಳೆಗಳನ್ನು ಪೂರ್ತಿ ಎಳೆದು ತೆಗೆಯುವುದಿಲ್ಲ. ಹಿಂದೆ ಒಂದು ಗೇಣು, ಮುಂದೆ ಒಂದು ಗೇಣು ಬಿಟ್ಟು ಕತ್ತರಿಸುತ್ತೇವೆ. ಮುಂದಿನ ಹಾಸು ಬಂದಾಗ ಹೊಸ ಎಳೆಯ ತುದಿಯನ್ನು ಹಳೆಯ ಎಳೆಯ ತುದಿಗೆ ಸೇರಿಸಿ, ಬೂದಿ ಮುಟ್ಟಿದ ಬೆರಳಿನಿಂದ ಹೊಸೆಯುತ್ತೇವೆ. ಇದಕ್ಕೆ ಕೆಚ್ಚುವುದು ಎಂದು ಹೆಸರು. ಮೂರು ದಿನದ ಕೆಲಸ. ಕೆಚ್ಚಿ ಮೆಲ್ಲಗೆ ಎಳೆದರೆ ಹಳೆಯದು ಹೊಸದನ್ನು ಕೈಹಿಡಿದು ಅದರದರ ಕಣ್ಣಿನೊಳಗೆ ಕರೆದುಕೊಂಡು ಬರುತ್ತದೆ. ಇದಕ್ಕೆ ಕಣ್ಣು ಚೆನ್ನಾಗಿರಬೇಕಿಲ್ಲ, ವಿನ್ಯಾಸ ಬಾಯಿಪಾಠವಾಗಿರಬೇಕೆಂದೂ ಇಲ್ಲ. ಸಾಲಾಗಿ ಒಂದಾದ ಮೇಲೊಂದು ಎಳೆ ಸೇರಿಸುವ ತಾಳ್ಮೆ ಇದ್ದರೆ ಸಾಕು.

ಪೆದ್ದಮ್ಮನ ಹಣಿಗೆಯನ್ನು ವೆಂಕಟೇಶಪ್ಪನವರು ಮೂವತ್ತಾರು ವರ್ಷಗಳ ಹಿಂದೆ ತುಂಬಿದ್ದರು. ಅದರಲ್ಲಿ ಇದ್ದದ್ದು ಜೋಡಿ ಗಿಣಿಯ ಅಂಚು. ಒಂದು ಗಿಣಿ ಮುಂದೆ ನೋಡುತ್ತದೆ, ಇನ್ನೊಂದು ಕೊರಳು ತಿರುಗಿಸಿ ಹಿಂದೆ ನೋಡುತ್ತದೆ. ಆ ತಿರುಗಿದ ಕೊರಳನ್ನು ನಮ್ಮ ಬೀದಿಯಲ್ಲಿ ಮತ್ತಾರೂ ನೇಯ್ಗೆಯಲ್ಲಿ ಹಿಡಿದಿಲ್ಲ. ಅವರು ಕಾಗದದ ಮೇಲೆ ಏನನ್ನೂ ಬರೆದಿಡಲಿಲ್ಲ, ಅವರಿಗೆ ಬರೆಯಲು ಬರುತ್ತಿರಲಿಲ್ಲ. ಬರೆದಿಟ್ಟಿದ್ದೆಲ್ಲ ಆ ಕಣ್ಣುಗಳಲ್ಲೇ. ಮೂವತ್ತಾರು ವರ್ಷ ಪೆದ್ದಮ್ಮ ಸೀರೆಯ ಹಿಂದೆ ಸೀರೆಯನ್ನು ಕೆಚ್ಚುತ್ತ ಬಂದಳು. ಮೊದಲನೆಯ ಸೀರೆಯ ಎಳೆ ಎರಡನೆಯದನ್ನು ಹಿಡಿದಿತ್ತು, ಎರಡನೆಯದು ಮೂರನೆಯದನ್ನು. ನಮ್ಮಲ್ಲಿ ಹಣಿಗೆ ಬರಿದಾಗಬಾರದು. ಬರಿದಾದ ಹಣಿಗೆಯನ್ನು ತಲೆಕೆಳಗಾಗಿ ಗೋಡೆಗೆ ಒರಗಿಸಿಟ್ಟರೆ ಆ ಮನೆಯಲ್ಲಿ ಮಗ್ಗ ಮುಗಿಯಿತು ಎಂದು ಬೀದಿಯವರು ತಿಳಿದುಕೊಳ್ಳುತ್ತಾರೆ. ವೆಂಕಟೇಶಪ್ಪನವರು ಸತ್ತಾಗಲೂ ಪೆದ್ದಮ್ಮ ಹಾಗೆ ಮಾಡಲಿಲ್ಲ. ಕಾರ್ಯ ಮುಗಿದ ಮರುದಿನ ಬೆಳಿಗ್ಗೆ ಬೂದಿಯ ಬಟ್ಟಲು ಹಿಡಿದು ಕೂತಿದ್ದಳು.

ಇಂಥ ಹಣಿಗೆಯನ್ನು ವಿಮಾನಕ್ಕೆ ಯಾಕೆ ತಂದಿರಿ ಎಂದು ತಾವು ಕೇಳಬಹುದು. ಅದು ಉಳಿಯಲಿ ಎಂದೇ ತಂದೆವು, ಮಾನ್ಯರೇ. ದೆಹಲಿಯ ಆಚೆಗಿನ ಒಂದು ಊರಿನ ನೇಯ್ಗೆ ತರಬೇತಿ ಕೇಂದ್ರದವರು ಪೆದ್ದಮ್ಮನನ್ನು ಹದಿನೈದು ದಿನಕ್ಕೆ ಕರೆದಿದ್ದರು. ಅವಳು ಬೆರಳಿನಿಂದ ತೋರಿಸುತ್ತ ಹೋಗುವುದು, ಅಲ್ಲಿಯ ಆರು ಜನ ಕಲಿಯುವವರು ಎಳೆ ಎಳೆಯಾಗಿ ನೋಡಿ ಅದರ ನಕಲು ಮಾಡುವುದು, ಇದು ಏರ್ಪಾಡು. ಅವಳ ಕಣ್ಣು ಪೂರ್ತಿ ಆರುವ ಮೊದಲು ಗಿಣಿ ಇನ್ನೊಂದು ಹಣಿಗೆಗೆ ಹೋಗಿ ಕೂರಬೇಕಿತ್ತು. ವಯಸ್ಸಾದವಳೆಂದು ಅವರೇ ವಿಮಾನದ ಟಿಕೆಟ್ ಕಳಿಸಿದರು.

ತಪ್ಪು ನಮ್ಮದೂ ಇದೆ, ಮುಚ್ಚಿಡುವುದಿಲ್ಲ. ರೇಷ್ಮೆಯವರಿಗೆ ಎಲ್ಲವೂ ತೂಕ. ನೂಲು ಬರುವುದು ತೂಕದಲ್ಲಿ, ಜರಿ ಬರುವುದು ತೂಕದಲ್ಲಿ, ಸೀರೆ ನೇಕಾರರ ಸಂಘಕ್ಕೆ ವಾಪಸು ಹೋಗುವಾಗಲೂ ಮೊದಲು ತಕ್ಕಡಿಗೆ ಏರಬೇಕು. ಟಿಕೆಟಿನಲ್ಲಿ ಏಳು ಕೆ.ಜಿ. ಎಂದಿದ್ದದ್ದು ಕಣ್ಣಿಗೆ ಬಿತ್ತು. ಅಷ್ಟು ಕಂಡ ಮೇಲೆ ಮುಂದೆ ಓದುವುದಿದೆ ಎಂದು ನನಗೆ ಹೊಳೆಯಲೇ ಇಲ್ಲ. ಹಣಿಗೆಯ ಹಿಂದು ಮುಂದಿನ ಎಳೆಗಳನ್ನು ಗೊಂಚಲು ಗೊಂಚಲಾಗಿ ಗಂಟು ಹಾಕಿ, ಎರಡು ಬಿದಿರ ಕಡ್ಡಿಯ ನಡುವೆ ಇಟ್ಟು, ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ, ಸಂಘದ ಸೋಮಶೇಖರಪ್ಪನವರ ತಕ್ಕಡಿಯಲ್ಲಿ ತೂಗಿಸಿದೆವು. ಎರಡು ಕೆ.ಜಿ. ಮುನ್ನೂರು ಗ್ರಾಂ ಬಂತು. ‘ಇನ್ನೂ ನಾಲ್ಕೂವರೆ ಕೆ.ಜಿ. ಮಿಗ್ತೈತಲ್ಲೋ, ಆ ಹುಡುಗ್ರಿಗೆ ಒಂದಿಷ್ಟು ಕಡ್ಲೇಕಾಯಿ ತಗಂಡೋಗಾನ’ ಎಂದು ಪೆದ್ದಮ್ಮ ಹಿಗ್ಗಿದಳು. ತಕ್ಕಡಿಯ ಮೇಲೆ ನಮಗಿದ್ದ ನಂಬಿಕೆ ಅಷ್ಟು.

ಉದ್ದದ ಲೆಕ್ಕ ಅದೇ ಟಿಕೆಟಿನ ಕೊನೆಯ ಪುಟದಲ್ಲಿ, ಸಾಸಿವೆಯಷ್ಟು ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ ಇತ್ತು. ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಒಬ್ಬ ಚಕ್ರವರ್ತಿ ಪ್ರಜೆಗಳಿಗೆ ಹೇಳಬೇಕಾದದ್ದನ್ನು ಬಂಡೆಯ ಮೇಲೆ ಕೊರೆಸಿದ್ದಾನೆ. ಹಿರಿಯರ ಮಾತು ಕೇಳಬೇಕು ಎಂದು ಅದರಲ್ಲಿದೆ ಎಂದು ಶಾಲೆಯಲ್ಲಿದ್ದಾಗ ಮೇಷ್ಟ್ರು ಕರೆದುಕೊಂಡು ಹೋಗಿ ತೋರಿಸಿದ್ದರು. ಎರಡು ಸಾವಿರ ವರ್ಷ ದಾಟಿದರೂ ಯಾರಾದರೂ ಹೋಗಿ ನೋಡಬಹುದು. ತಾವು ಅವನಿಗಿಂತ ಬಹಳ ಮುಂದುವರಿದವರು, ಪ್ರಜೆಗಳಿಗೆ ಕಾಣದಂತೆ ಆಜ್ಞೆ ಹೊರಡಿಸುವ ವಿದ್ಯೆ ತಮಗೆ ಸಿದ್ಧಿಸಿದೆ.

ಮೊಳಕಾಲ್ಮುರಿನಿಂದ ಚಳ್ಳಕೆರೆಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಪಾತಣ್ಣ ನಮ್ಮ ಬಟ್ಟೆಯ ಗಂಟನ್ನು ನೋಡಿದ. ‘ಏನವ್ವಾ ಇದು, ಹಣಿಗೇನಾ?’ ಎಂದ. ಹೌದು ಎಂದಳು ಪೆದ್ದಮ್ಮ. ‘ಮ್ಯಾಲಕ್ಕೆ ಹಾಕ್‌ಬ್ಯಾಡ್ರಿ, ರೋಡ್ ಹಂಪ್ ಬಂದ್ರೆ ಎಗರಿ ಕೆಳಕ್ ಬೀಳ್ತೈತೆ. ನನ್ ಸೀಟಿನ ಪಕ್ಕ ನಿಲ್ಸ್ರಿ, ನಾನ್ ಹಿಡ್ಕಂತೀನಿ’ ಎಂದು ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಟಿಕೆಟ್ ಹರಿದ. ಅವನ ಬಳಿ ತಮ್ಮ ಗೇಟಿನಲ್ಲಿರುವಂಥ ಅಳತೆಯ ಚೌಕಟ್ಟು ಇರಲಿಲ್ಲ. ಬಸ್ಸು ಅಪಘಾತವಿಲ್ಲದೆ ಚಳ್ಳಕೆರೆ ಮುಟ್ಟಿತು ಎಂಬುದನ್ನು ತಮ್ಮ ಮಾಹಿತಿಗಾಗಿ ತಿಳಿಸುತ್ತಿದ್ದೇನೆ.

ವಿಮಾನವೆಂದರೆ ಬಾಯಿ ಬಿಟ್ಟು ನೋಡುವವರೇನೂ ನಾವಲ್ಲ. ಚಳ್ಳಕೆರೆ ಹತ್ತಿರದ ದೊಡ್ಡಉಳ್ಳಾರ್ತಿಯ ಹುಲ್ಲುಗಾವಲಿನ ಕಡೆ ಮನುಷ್ಯರಿಲ್ಲದ ವಿಮಾನಗಳನ್ನು ಹಾರಿಸಿ ಪರೀಕ್ಷಿಸುತ್ತಾರೆ, ಕುರಿ ಮೇಯಿಸುವವರು ಅದರ ಸದ್ದಿಗೆ ಈಗ ತಲೆಯನ್ನೂ ಎತ್ತುವುದಿಲ್ಲ. ತಮ್ಮ ಇಲಾಖೆಗೆ ಆ ವಿಮಾನಗಳೇ ಹೆಚ್ಚು ಇಷ್ಟವಾಗಬಹುದು. ಅವುಗಳಲ್ಲಿ ಪ್ರಯಾಣಿಕರಿಲ್ಲ, ಅವರ ಕೈಯಲ್ಲಿ ಗಂಟೂ ಇಲ್ಲ.

ವಿಮಾನ ನಿಲ್ದಾಣದ ಮೊದಲ ಕೌಂಟರಿನಲ್ಲಿದ್ದವರು ಗಂಟನ್ನು ತೂಗಿ, ಹಗುರ ಇದೆ, ಕೈಯಲ್ಲೇ ಒಯ್ಯಿರಿ ಎಂದು ಚೀಟಿ ಕಟ್ಟಿ ಕಳಿಸಿದರು. ಭದ್ರತಾ ತಪಾಸಣೆಯವರು ಹಣಿಗೆಗೆ ಸುತ್ತಿದ್ದ ಸೀರೆ ಬಿಚ್ಚಿಸಿ, ಒಂದೊಂದು ಗೊಂಚಲನ್ನೂ ಒತ್ತಿ ನೋಡಿ, ಅಪಾಯವಿಲ್ಲ ಎಂದು ಬಿಟ್ಟರು. ಪೆದ್ದಮ್ಮನ ಸಂಚಿಯಲ್ಲಿದ್ದ ಎಳೆ ಕತ್ತರಿಸುವ ಪುಟ್ಟ ಕತ್ತರಿಯನ್ನು ಮಾತ್ರ ಬಿಡಲಿಲ್ಲ. ವೆಂಕಟೇಶಪ್ಪನವರು ಹಳೆಯ ಗರಗಸದ ತುಂಡನ್ನು ಬಗ್ಗಿಸಿ, ತೇದು, ಅವಳ ಹೆಬ್ಬೆರಳಿನ ಅಳತೆಗೆ ಮಾಡಿಕೊಟ್ಟಿದ್ದು ಅದು. ಚೂಪಾದ ವಸ್ತು, ಪ್ರಯಾಣಿಕರ ಜೀವಕ್ಕೆ ಅಪಾಯ ಎಂದು ಒಂದು ಡಬ್ಬಿಗೆ ಹಾಕಿದರು. ಅದು ಬಿದ್ದ ಸದ್ದಿನ ಕಡೆಗೆ ಪೆದ್ದಮ್ಮ ಮುಖ ತಿರುಗಿಸಿದಳು. ಹೋಗಲಿ ಬಿಡು, ಬೇರೆ ಕೊಳ್ಳೋಣ ಎಂದೆ ನಾನು.

ಹದಿನೇಳನೆಯ ಗೇಟಿನ ಬಳಿ ತಮ್ಮ ಕಬ್ಬಿಣದ ಚೌಕಟ್ಟು ನಿಂತಿತ್ತು. ಐವತ್ತೈದು ಸೆಂಟಿಮೀಟರ್ ಉದ್ದ, ಮೂವತ್ತೈದು ಅಗಲ. ನಮ್ಮ ಹಣಿಗೆ ನೂರಿಪ್ಪತ್ತೆಂಟು. ಇದರಲ್ಲಿ ಇಳಿದರೆ ಮಾತ್ರ ಒಳಗೆ ಎಂದಳು ಅಲ್ಲಿದ್ದ ಹುಡುಗಿ. ಇಳಿಯುವುದು ಹೇಗೆ? ನಾಡಿನ ಹೆಂಗಸರು ಸೊಂಟದಿಂದ ಪಾದದವರೆಗೆ ಉಡುವ ಬಟ್ಟೆಯ ಅಗಲ ಅದು. ತಮ್ಮ ಚೌಕಟ್ಟಿಗೆ ಹೊಂದುವ ಹಣಿಗೆಯಲ್ಲಿ ನೇಯ್ದರೆ ಸೀರೆ ಬರುವುದಿಲ್ಲ, ಮುಖ ಒರೆಸುವ ಟವೆಲ್ ಬರುತ್ತದೆ. ನನ್ನ ಮುಂದೆ ಒಬ್ಬರು ಗಿಟಾರ್ ಹಿಡಿದು ಒಳಗೆ ಹೋದರು. ಕೇಳಿದರೆ, ಸಂಗೀತ ವಾದ್ಯ ಪಟ್ಟಿಯಲ್ಲಿದೆ ಎಂದಳು. ಊರುಗೋಲು ಪಟ್ಟಿಯಲ್ಲಿದೆ, ಕೊಡೆ ಇದೆ, ನಿಲ್ದಾಣದ ಅಂಗಡಿಗಳಲ್ಲಿ ಕೊಂಡ ಚೀಲ ಎಷ್ಟು ದೊಡ್ಡದಿದ್ದರೂ ನಡೆಯುತ್ತದೆ. ನಾನೂ ಅದನ್ನು ವಾದ್ಯ ಎಂದುಬಿಡಬೇಕಿತ್ತು. ನಮ್ಮ ಬೀದಿಯ ಕೂಸುಗಳು ಮಗ್ಗದ ಸದ್ದಿಗೇ ನಿದ್ದೆಹೋಗುತ್ತವೆ.

ಹಾಗಾದರೆ ಕೆಳಗೆ, ಸಾಮಾನಿನ ಜೊತೆ ಕಳಿಸಿ ಎಂದೆ. ನೇತಾಡುವ ದಾರ ಬೆಲ್ಟಿಗೆ ಸಿಕ್ಕಿಕೊಳ್ಳುತ್ತದೆ, ಹಾಗೆಯೇ ತೆಗೆದುಕೊಳ್ಳುವಂತಿಲ್ಲ ಎಂದಳು. ಆಗ ಅವಳ ಮೇಲಿನ ಅಧಿಕಾರಿ ಬಂದ. ಗಂಟನ್ನು ಬಿಚ್ಚಿ ನೋಡಿ ಒಂದು ಉಪಾಯ ಹೇಳಿದ. ಬಿದಿರಿನ ಬಾಚಣಿಗೆ ಬೇರೆ, ನೂಲಿನ ಕಣ್ಣುಗಳು ಬೇರೆ ಮಾಡಿದರೆ ನೂಲನ್ನು ಮಡಚಿ ಕೈಚೀಲಕ್ಕೆ ಹಾಕಬಹುದು, ಬಿದಿರು ಕೆಳಗೆ ಹೋಗುತ್ತದೆ, ನಡುವಿನ ಈ ಹಳೇ ದಾರ ಹೇಗೂ ವೇಸ್ಟ್ ತಾನೇ ಎಂದ. ಅವನ ದನಿಯಲ್ಲಿ ಕೊಂಕಿರಲಿಲ್ಲ, ಸಹಾಯ ಮಾಡುತ್ತಿದ್ದೇನೆ ಎಂದೇ ಅವನು ತಿಳಿದಿದ್ದ. ಹುಡುಗಿ ಮೇಜಿನ ಖಾನೆಯಿಂದ ಚೀಟಿ ಕತ್ತರಿಸುವ ದೊಡ್ಡ ಕತ್ತರಿಯನ್ನು ತೆಗೆದು ನನ್ನ ಮುಂದೆ ಹಿಡಿದಳು. ಹೆಬ್ಬೆರಳಿನಷ್ಟು ಕತ್ತರಿಯಿಂದ ಅಪಾಯಕ್ಕೊಳಗಾಗುವ ತಮ್ಮ ವಿಮಾನಯಾನ, ಒಂದು ಗೇಣು ಉದ್ದದ ಕತ್ತರಿಯನ್ನು ನಾನು ಗೇಟಿನ ಬಾಯಲ್ಲೇ ಹಿಡಿದಾಗ ಹೇಗೆ ಕ್ಷೇಮವಾಗಿತ್ತು? ಇದಕ್ಕೆ ತಾವು ಉತ್ತರ ಕೊಡಲೇಬೇಕು.

ಪೆದ್ದಮ್ಮ ನನ್ನ ಮೊಣಕೈ ಹಿಡಿದುಕೊಂಡಳು. ‘ವದ್ದು ನಾಯನಾ, ಇಂಟಿಕಿ ಪೋದಾಂ’ ಎಂದಳು. ಬೇಡಪ್ಪಾ, ಮನೆಗೆ ಹೋಗೋಣ ಎಂದು. ನಾನು ಕೇಳಲಿಲ್ಲ. ನನ್ನ ಹಿಂದೆ ಉದ್ದಕ್ಕೆ ಸಾಲು ನಿಂತಿತ್ತು. ಒಬ್ಬರು ಗಡಿಯಾರ ನೋಡಿ ನಿಟ್ಟುಸಿರು ಬಿಟ್ಟರು, ಇನ್ನೊಬ್ಬರು ಫೋನಿನಲ್ಲಿ ನಮ್ಮ ಕಡೆ ನೋಡುತ್ತಲೇ ಏನೋ ಹೇಳಿ ನಕ್ಕರು. ನೆಲದ ಮೇಲೆ ಹಳೆಯ ಸೀರೆ ಹರಡಿಕೊಂಡು ಕೂತ ನಾವು ಅವರಿಗೆ ಹೇಗೆ ಕಾಣುತ್ತಿದ್ದೇವೆ ಎಂಬುದು ನನಗೆ ಗೊತ್ತಿತ್ತು. ನನಗೆ ನಾಚಿಕೆಯಾಯಿತು. ಟಿಕೆಟ್ ಕಳಿಸಿದವರಿಗೆ ಏನು ಹೇಳುವುದು ಎಂಬ ಹೆದರಿಕೆಯೂ ಸೇರಿಕೊಂಡಿತು. ‘ಏನಾಗಲ್ಲ ಪೆದ್ದಮ್ಮ, ಅಲ್ಲಿ ಹೋಗಿ ನಾನೇ ತುಂಬ್ತೀನಿ’ ಎಂದೆ. ಆ ಕ್ಷಣಕ್ಕೇ ಅದು ಸುಳ್ಳೆಂದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಈ ಪತ್ರದ ಮೊದಲಲ್ಲಿ ಎಳೆಗಳನ್ನು ಕತ್ತರಿಸಲಾಯಿತು ಎಂದು ತಮ್ಮ ಕಚೇರಿಯವರು ಬರೆಯುವ ಹಾಗೆ ಬರೆದೆ. ಕತ್ತರಿಸಿದವನು ನಾನು. ಹಣಿಗೆಯ ಈ ತುದಿಯಿಂದ ಆ ತುದಿಯವರೆಗೆ ಕತ್ತರಿಸಿದೆ. ಆ ಕತ್ತರಿ ಮೊಂಡಾಗಿತ್ತು, ರೇಷ್ಮೆಯನ್ನು ಜಗಿಯಿತು. ಪೆದ್ದಮ್ಮ ನನ್ನ ಮೊಣಕೈಯನ್ನು ಬಿಟ್ಟಳು. ಸಡಿಲವಾದ ಎಳೆಗಳು ಕಣ್ಣುಗಳಿಂದ ತಾವಾಗಿಯೇ ಜಾರಿ ಬಿದ್ದವು. ಹುಡುಗಿ ಅವನ್ನು ಗುಡಿಸಿ ಪಾರದರ್ಶಕ ಬುಟ್ಟಿಗೆ ಹಾಕಿದಳು, ಒಳಗೆ ಕಾಫಿ ಲೋಟಗಳಿದ್ದವು. ಆಮೇಲೆ ನಮ್ಮನ್ನು ಗೌರವದಿಂದ ಒಳಗೆ ಬಿಟ್ಟರು.

ತರಬೇತಿ ಕೇಂದ್ರದಲ್ಲಿ ಆರು ಜನ ಕಾದಿದ್ದರು. ಎಳೆಯಿಲ್ಲದೆ ಬರಿದಾದ ನೂಲಿನ ಕಣ್ಣುಗಳನ್ನು ನೋಡಿ ಅವರ ಗುರುಗಳು, ತೆರೆದಿಟ್ಟಿದ್ದ ನೋಟ್ ಪುಸ್ತಕಗಳನ್ನು ಮುಚ್ಚಿಸಿದರು. ಮೂರನೆಯ ದಿನ ನಾವು ರೈಲು ಹತ್ತಿದೆವು. ಹಣಿಗೆ ಬರ್ತಿನ ಕೆಳಗೆ ಮಲಗಿ ಬಂತು, ಯಾರೂ ಅಳೆಯಲಿಲ್ಲ. ಮನೆಗೆ ಬಂದ ದಿನವೇ ಪೆದ್ದಮ್ಮ ಅದನ್ನು ತಲೆಕೆಳಗಾಗಿ ಗೋಡೆಗೆ ಒರಗಿಸಿದಳು. ವಿಷಯ ತಿಳಿದು ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಸಾವಿನ ಮನೆಗೆ ಬಂದವರ ಹಾಗೆ ಕೂತು, ಹೋಗುವಾಗ ‘ಬರ್ತೀವಿ’ ಎನ್ನದೆ ಎದ್ದು ಹೋದರು.

ಹಳೆಯ ಸೀರೆ ನೋಡಿ ಮತ್ತೆ ತುಂಬಿಕೊಳ್ಳಿ ಎಂದು ತಮ್ಮ ಕಚೇರಿಯ ಯಾರಾದರೂ ಬುದ್ಧಿವಂತರು ಹೇಳಬಹುದು. ಐದು ತಿಂಗಳಿಂದ ಅದನ್ನೇ ಮಾಡುತ್ತಿದ್ದೇನೆ. ಬೀದಿಯಲ್ಲಿ ಒಬ್ಬರ ಮದುವೆಗೆ ಪೆದ್ದಮ್ಮ ನೇಯ್ದುಕೊಟ್ಟಿದ್ದ ಸೀರೆ ತಂದು, ಭೂತಗನ್ನಡಿ ಹಿಡಿದು, ಎಳೆ ಎಣಿಸಿ ತುಂಬಿ ನೇಯ್ದು ನೋಡಿದ್ದೇನೆ. ನಾಲ್ಕು ಸಲವೂ ಹಿಂದೆ ನೋಡುವ ಗಿಣಿಯ ಕೊರಳು ಮುರಿಯಿತು. ತುಂಡನ್ನು ಪೆದ್ದಮ್ಮನ ಕೈಗೆ ಕೊಟ್ಟರೆ ಬೆರಳಾಡಿಸುತ್ತಾಳೆ. ‘ಇದಲ್ಲ ಕಣೋ’ ಎಂದು ವಾಪಸು ಕೊಡುತ್ತಾಳೆ. ಅವಳು ನನ್ನನ್ನು ಒಂದು ದಿನವೂ ಬೈದಿಲ್ಲ. ಬೈದಿದ್ದರೆ ಈ ಪತ್ರವನ್ನು ಬರೆಯುತ್ತಿರಲಿಲ್ಲವೇನೋ.

ನನ್ನ ಬೇಡಿಕೆ ದೊಡ್ಡದಲ್ಲ. ಗಿಟಾರು, ಕೊಡೆ, ಊರುಗೋಲುಗಳ ತಮ್ಮ ಪಟ್ಟಿಯಲ್ಲಿ ಕೈಕಸುಬಿನವರ ಸಲಕರಣೆಗೂ ಒಂದು ಸಾಲು ಸೇರಿಸಿ. ಉದ್ದದ ನಿಯಮವನ್ನು ಟಿಕೆಟಿನ ಮೊದಲ ಪುಟದಲ್ಲಿ, ಪ್ರಯಾಣಿಕರು ಓದುವ ಭಾಷೆಯಲ್ಲಿ, ತೂಕದ ಪಕ್ಕದಲ್ಲೇ ಹಾಕಿ. ಮೊದಲ ಕೌಂಟರಿನಲ್ಲಿ ಸರಿ ಎಂದದ್ದನ್ನು ಕೊನೆಯ ಗೇಟಿನಲ್ಲಿ ತಪ್ಪು ಎನ್ನುವ ಅಧಿಕಾರವನ್ನು ಕಿತ್ತುಹಾಕಿ. ಇದು ಆಗುವುದಿಲ್ಲ ಎನ್ನುವುದಾದರೆ ತಾವೇ ಒಂದು ದಿನ ಆ ಚೌಕಟ್ಟಿನ ಪಕ್ಕ ನಿಲ್ಲಿ, ಕತ್ತರಿಸಬೇಕಾದದ್ದನ್ನು ತಮ್ಮ ಕೈಯಿಂದ ಕತ್ತರಿಸಿ. ಪ್ರಯಾಣಿಕನ ಕೈಗೆ ಕತ್ತರಿ ಕೊಡಬೇಡಿ.

ಪತ್ರದ ಕೊನೆಗೆ ನಿನ್ನದೂ ಒಂದು ಮಾತು ಬರೆಯಲೇ ಎಂದು ಪೆದ್ದಮ್ಮನನ್ನು ಕೇಳಿದೆ. ‘ಆ ಹುಡುಗೀನ ಬೈದು ಬರೀಬ್ಯಾಡ. ಕತ್ರಿ ಕೊಡೋವಾಗ ಮೊನೆ ತನ್ ಕಡೀಗೇ ಹಿಡ್ಕಂಡಿತ್ತು’ ಎಂದಳು. ಅವಳ ಕಣ್ಣಿಗೆ ಅದು ಹೇಗೆ ಕಂಡಿತೋ ತಿಳಿಯದು. ಆಮೇಲೆ, ‘ನನ್ ಚಿಕ್ಕ ಕತ್ರಿ ಆ ಡಬ್ಬ್ಯಾಗೇ ಇದ್ರೆ ವಾಪಸ್ ಕೊಡ್ತಾರೇನೋ ಕೇಳು’ ಎಂದಳು. ನನಗೆ ಆಸೆಯಾಯಿತು. ‘ಸಿಕ್ಕಿದ್ರೆ ಮತ್ತೆ ಮಗ್ಗಕ್ಕೆ ಕೂರ್ತೀಯಾ ಪೆದ್ದಮ್ಮ?’ ಎಂದೆ.

‘ಮಗ್ಗಕ್ಕಲ್ಲಪ್ಪ. ಅವ್ರು ಕೈಯಾರೆ ಮಾಡ್ಕೊಟ್ಟಿದ್ದು ಮನ್ಯಾಗೆ ಇನ್ನೇನೂ ಉಳಿದಿಲ್ಲ.’

ಆದ್ದರಿಂದ, ಮಾನ್ಯರೇ, ಆ ಡಬ್ಬಿಯನ್ನು ಹುಡುಕಿಸಿ. ಎರಡು ಇಂಚು ಉದ್ದ, ಒಂದು ಬದಿಯಲ್ಲಿ ಗರಗಸದ ಹಲ್ಲಿನ ಗುರುತು ಇನ್ನೂ ಇದೆ. ತಮ್ಮ ಚೌಕಟ್ಟಿನಲ್ಲಿ ಧಾರಾಳವಾಗಿ ಹಿಡಿಯುತ್ತದೆ.

ಇಂತಿ,
ಹಿರಿಯರ ಮಾತು ಮೀರಿ ತಮ್ಮ ನಿಯಮವನ್ನು ಕೈಯಾರೆ ಪಾಲಿಸಿದ
ಚೌಡೇಶ್
ಮೊಳಕಾಲ್ಮುರು